ಕಲ್ಲಿನ ಕೆಳಗೆ ಗಾಳಿ ಹಾಯಿಸಿದವರು: ಐರ್ಲೆಂಡಿನ ಹಳ್ಳಿ ಗಟ್ಟಿಗರ ಕಥೆ

1937ರಲ್ಲಿ ಐರ್ಲೆಂಡಿನ ಹಳ್ಳಿ ಶಾಲೆಗಳ ಮೇಷ್ಟ್ರುಗಳ ಕೈಗೆ ಒಂದು ಚಿಕ್ಕ ಪುಸ್ತಕ ಬಂತು. ಐದು, ಆರನೇ ತರಗತಿಯ ಮಕ್ಕಳಿಗೆ ವಾರವಾರ ಬರೆಸುವ ಪ್ರಬಂಧದ ಬದಲು ಇನ್ನೊಂದು ಕೆಲಸ ಕೊಡಿ ಎಂದು ಅದರಲ್ಲಿತ್ತು. ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು, ಪಕ್ಕದ ಮನೆಯ ಹಿರಿಯರನ್ನು ಕೇಳಬೇಕು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ತರಬೇಕು. ಕೇಳಲು ಐವತ್ತಕ್ಕೂ ಹೆಚ್ಚು ವಿಷಯಗಳಿದ್ದವು: ಊರಿನ ಬಾವಿ, ಹಳೇ ಸ್ಮಶಾನ, ಮನೆಮದ್ದು, ಮಳೆಯ ಗುರುತು, ಕ್ಷಾಮದ ದಿನಗಳು. ಅವುಗಳಲ್ಲಿ ಒಂದು, ಊರಿನ ವೀರರು. ವೀರರು ಅಂದರೆ ಯುದ್ಧ ಗೆದ್ದವರೇ ಆಗಬೇಕಿರಲಿಲ್ಲ. ಭಾರ ಎತ್ತುವವನು, ಓಡುವವನು, ಹಾರುವವನು, ಈಜುವವನು, ಎಲ್ಲರಿಗಿಂತ ಬೇಗ ಹುಲ್ಲು ಕೊಯ್ಯುವವನು, ಇವರೂ ಆ ಪಟ್ಟಿಯಲ್ಲಿದ್ದರು.

ಇದನ್ನು ಮಾಡಿಸಿದ್ದು 1935ರಲ್ಲಿ ಶುರುವಾದ ಐರಿಶ್ ಜಾನಪದ ಆಯೋಗ. ಅದರ ನಿರ್ದೇಶಕ ಶೇಮಸ್ ಓ ಡಿಲಾರ್ಗಾ, ದಾಖಲೆ ನೋಡಿಕೊಳ್ಳುತ್ತಿದ್ದವರು ಶಾನ್ ಓ ಸೂಲವಾನ್. 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ 50,000 ಮಕ್ಕಳು ಬರೆದರು. ಒಟ್ಟು ಏಳು ಲಕ್ಷಕ್ಕೂ ಹೆಚ್ಚು ಪುಟ! ಅದೆಲ್ಲ ಈಗ ಡಬ್ಲಿನ್ನಿನ ವಿಶ್ವವಿದ್ಯಾಲಯದ ಜಾನಪದ ಸಂಗ್ರಹದಲ್ಲಿದೆ. ಸ್ಕ್ಯಾನ್ ಮಾಡಿಟ್ಟಿದ್ದಾರೆ, ಯಾರು ಬೇಕಾದರೂ ಫೋನಿನಲ್ಲೇ ತೆರೆದು ನೋಡಬಹುದು. ಮಕ್ಕಳ ದುಂಡು ಅಕ್ಷರ, ಮೇಲೆ ಮಗುವಿನ ಹೆಸರು, ಊರು, ಕಥೆ ಹೇಳಿದವರ ಹೆಸರು, ವಯಸ್ಸು. ಸುದ್ದಿ ಬರೆದು ಹೊಟ್ಟೆ ಹೊರೆಯುವ ನಮಗೆ ಇದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಯಾರು ಹೇಳಿದರು, ಎಲ್ಲಿ ನಡೆಯಿತು ಎಂದು ಹನ್ನೆರಡು ವರ್ಷದ ಹುಡುಗಿ ಇಷ್ಟು ಚೊಕ್ಕವಾಗಿ ಬರೆದಿರುವಾಗ, ಎಷ್ಟೋ ಪತ್ರಿಕಾ ವರದಿಗಳಲ್ಲಿ ಅಷ್ಟೂ ಇರುವುದಿಲ್ಲ.

ಈ ಪುಟಗಳಲ್ಲಿ ಬರುವ ಗಟ್ಟಿಗರು ಹೆಚ್ಚಾಗಿ ಕೂಲಿಯವರು, ಸಣ್ಣ ರೈತರು, ಮೀನುಗಾರರು, ಕಮ್ಮಾರರು. ಒಬ್ಬ ಪೇಟೆಯಿಂದ ಹಿಟ್ಟಿನ ಮೂಟೆ ಹೊತ್ತು, ದಾರಿಯಲ್ಲಿ ಎಲ್ಲೂ ಇಳಿಸದೆ ಮನೆಗೆ ತಂದ. ಇನ್ನೊಬ್ಬ ಕೆಸರಿನಲ್ಲಿ ಹೂತ ಗಾಡಿಯನ್ನು ಬೆನ್ನು ಕೊಟ್ಟು ಎತ್ತಿದ. ಮತ್ತೊಬ್ಬ ಬೆಳಗಿನಿಂದ ಸಂಜೆಯೊಳಗೆ ಉದ್ದ ಕುಡುಗೋಲಿನಲ್ಲಿ ಯಾರೂ ಕೊಯ್ಯದಷ್ಟು ಹುಲ್ಲು ಕೊಯ್ದ. ಇನ್ನೊಬ್ಬ ಡಬ್ಲಿನ್ನಿಗೆ ನಡೆದು ಹೋಗಿ ನಡೆದೇ ಬಂದ. ಅಲ್ಲಿ ಗೋಧಿಯ ಒಂದು ಬ್ಯಾರಲ್ ಅಂದರೆ 20 ಸ್ಟೋನ್, ನಮ್ಮ ಲೆಕ್ಕದಲ್ಲಿ 127 ಕಿಲೋ. ಗಿರಣಿಯ ಮೆಟ್ಟಿಲಲ್ಲಿ, ಬಂದರಿನಲ್ಲಿ ಇಂಥ ಭಾರ ಹೊರುವುದೇ ದಿನದ ಕೆಲಸವಾಗಿದ್ದವರು ಇದ್ದರು. ಹಾಗಾಗಿ ಮೂಟೆ ಹೊತ್ತ ಕಥೆಗಳನ್ನು ಪೂರಾ ಬುರುಡೆ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ದಾರಿಯ ಉದ್ದ ಮಾತ್ರ ಹೇಳುತ್ತ ಹೇಳುತ್ತ ಬೆಳೆದಿರಬಹುದು.

ಇವುಗಳಲ್ಲಿ ಪರೀಕ್ಷೆ ಮಾಡಿ ನೋಡಬಹುದಾದ ಕಥೆಗಳು ಕಲ್ಲಿನವು. ಜಾತ್ರೆಯಲ್ಲಿ ಗುಂಡು ಎತ್ತುವುದನ್ನು ನೋಡಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐರ್ಲೆಂಡಿನ ಎಷ್ಟೋ ಊರಲ್ಲಿ ಒಂದು ಕಲ್ಲಿತ್ತು. ಅಡ್ಡರಸ್ತೆ ಕೂಡುವಲ್ಲಿ, ಕಮ್ಮಾರನ ಕುಲುಮೆಯ ಮುಂದೆ, ಸಮುದ್ರದ ದಂಡೆಯಲ್ಲಿ, ಬಹಳ ಕಡೆ ಸ್ಮಶಾನದ ಒಳಗೇ. ಪ್ರಾರ್ಥನೆ ಮುಗಿಸಿ ಹೊರಬಂದ ಹುಡುಗರು, ಮಣ್ಣಿಗೆ ಬಂದವರು, ಅದರ ಸುತ್ತ ಸೇರುತ್ತಿದ್ದರು. ಸಾವಿನ ಮನೆಯವರೆದುರು ಇದೇನು ಆಟ ಅಂತ ನಮಗನ್ನಿಸಬಹುದು. ಆದರೆ ಬೇರೆ ಬೇರೆ ಊರಿನ ಗಂಡಸರೆಲ್ಲ ಒಂದೇ ಕಡೆ ಸೇರುತ್ತಿದ್ದುದು ಸಾವಿಗೇ.

ಕಲ್ಲಿಗೆ ಹಿಡಿ ಇರುವುದಿಲ್ಲ. ನುಣ್ಣಗೆ, ದುಂಡಗೆ, ಒದ್ದೆಯಾಗಿ ಬಿದ್ದಿರುತ್ತದೆ. ಅದನ್ನು ನೆಲದಿಂದ ಒಂದು ಕೂದಲೆಳೆ ಎತ್ತಿದರೂ ಲೆಕ್ಕಕ್ಕೆ ಬರುತ್ತಿತ್ತು. ಅದಕ್ಕೆ ಅವರ ಮಾತು, ಕಲ್ಲಿನ ಕೆಳಗೆ ಗಾಳಿ ಹಾಯಿಸುವುದು. ಗಾಳಿ ಹಾಯಿಸಿದವನು ಗಂಡಸರ ಸಾಲಿಗೆ ಸೇರಿದ. ಮಂಡಿಗೆ ತಂದವನು ಗಟ್ಟಿಗ. ಎದೆಗೆ ತಂದವನ ಹೆಸರು ಊರಲ್ಲಿ ಉಳಿಯಿತು. ಹುಡುಗ ಆಳಿನ ಸಂಬಳಕ್ಕೆ ತಕ್ಕವನಾದನೇ ಎಂದು ಊರು ನೋಡುತ್ತಿದ್ದ ಕಾಲದಲ್ಲಿ ಇದು ಬರೀ ಆಟವಾಗಿರಲಿಲ್ಲ ಎಂಬುದು ನಮ್ಮ ಅಂದಾಜು.

ಅರಾನ್ ದ್ವೀಪಗಳಲ್ಲಿ ದೊಡ್ಡದು ಇನಿಶ್‌ಮೋರ್. ನೆಲವೆಲ್ಲ ಸುಣ್ಣಕಲ್ಲು. ಅಲ್ಲಲ್ಲಿ ಬೇರೆ ಜಾತಿಯ ಗ್ರಾನೈಟ್ ಗುಂಡುಗಳಿವೆ, ಹಿಮಯುಗದಲ್ಲಿ ಮಂಜುಗಡ್ಡೆ ಹೊತ್ತು ತಂದವು. ಈ ದ್ವೀಪದಲ್ಲಿ 1896ರಲ್ಲಿ ಹುಟ್ಟಿದ ಲಿಯಾಮ್ ಓ ಫ್ಲಾಹರ್ಟಿ ಎಂಬ ಕಥೆಗಾರ, ಯೌವನದಲ್ಲಿ ಎತ್ತಿದ್ದ ಕಲ್ಲಿನ ಬಳಿಗೆ ಮತ್ತೆ ಹೋಗುವ ಮುದುಕನ ಬಗ್ಗೆ ಒಂದು ಸಣ್ಣಕಥೆ ಬರೆದರು. ಎಷ್ಟೋ ವರ್ಷ ಜನ ಅದನ್ನು ಕಥೆಯಾಗಿಯೇ ಓದಿಕೊಂಡು ಬಂದರು. ಇತ್ತೀಚಿನ ವರ್ಷಗಳಲ್ಲಿ ವಾಟರ್‌ಫೋರ್ಡಿನ ಡೇವಿಡ್ ಕಿಯೋಹಾನ್ ಎಂಬ ಭಾರ ಎತ್ತುವ ಪಟು ಆ ಕಥೆಯ ಸುಳಿವು ಹಿಡಿದು ದ್ವೀಪಕ್ಕೆ ಹೋದರು. ಕಲ್ಲು ಅಲ್ಲೇ ಇತ್ತು.

ಅಲ್ಲಿಂದ ಮುಂದೆ ಅವರು ಶಾಲಾ ಮಕ್ಕಳ ಆ ಹಳೇ ಪುಟಗಳನ್ನು ಹುಡುಕತೊಡಗಿದರು. ಇಂಥ ಊರಿನ ಸ್ಮಶಾನದ ಇಂಥ ಮೂಲೆಯಲ್ಲಿ ಒಂದು ಕಲ್ಲಿದೆ, ಇಂಥವನು ಅದನ್ನು ಎತ್ತಿದ್ದ ಅಂತ ಮಗು ಬರೆದಿರುತ್ತದೆ. ಅಲ್ಲಿಗೆ ಹೋಗಿ ಊರಿನ ಹಿರಿಯರನ್ನು ಕೇಳುವುದು, ಬಳ್ಳಿ ಸರಿಸಿ ನೋಡುವುದು, ಸಿಕ್ಕರೆ ಎತ್ತಿ ನೋಡುವುದು. ಹೀಗೆ ಹತ್ತಾರು ಕಲ್ಲು ಸಿಕ್ಕವು. ಸ್ಕಾಟ್ಲೆಂಡಿನಲ್ಲಿ, ಐಸ್‌ಲೆಂಡಿನಲ್ಲಿ ಇಂಥ ಕಲ್ಲುಗಳಿಗೆ ಮೊದಲಿನಿಂದ ಹೆಸರಿತ್ತು. 1860ರಲ್ಲಿ ಡೊನಾಲ್ಡ್ ಡಿನ್ನಿ ಎಂಬಾತ ಒಟ್ಟು 332 ಕಿಲೋ ತೂಗುವ ಎರಡು ಕಲ್ಲನ್ನು ಸೇತುವೆ ದಾಟಿಸಿದ್ದು ಸ್ಕಾಟ್ಲೆಂಡಿನ ಮಕ್ಕಳಿಗೂ ಗೊತ್ತು. ಐರ್ಲೆಂಡಿನವರು ಮಾತ್ರ ತಮ್ಮ ಕಲ್ಲುಗಳನ್ನು ಮರೆತಿದ್ದರು.

ಯಾಕೆ ಮರೆತರು? ಇದಕ್ಕೆ ಉತ್ತರ ಆಲೂಗಡ್ಡೆಯಲ್ಲಿದೆ, ಹಸಿವಿನಲ್ಲಿದೆ.

1845ಕ್ಕೆ ಮೊದಲು ಐರ್ಲೆಂಡಿನ ಕೂಲಿಯವನ ಊಟ ಎಂದರೆ ಆಲೂಗಡ್ಡೆ ಮತ್ತು ಮಜ್ಜಿಗೆ. ದುಡಿಯುವ ಗಂಡಸು ದಿನಕ್ಕೆ ಆರು ಕಿಲೋದಷ್ಟು ಆಲೂಗಡ್ಡೆ ತಿನ್ನುತ್ತಿದ್ದ. ಬಡವರ ಊಟವಾದರೂ ಮೈಗೆ ಹತ್ತುತ್ತಿತ್ತು. ಇದಕ್ಕೆ ಸಾಕ್ಷಿ ಸಿಕ್ಕಿರುವುದು ನಮ್ಮ ದೇಶಕ್ಕೆ ಸಂಬಂಧಪಟ್ಟ ಕಡತಗಳಲ್ಲೇ. ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿನ ತನ್ನ ಸೈನ್ಯಕ್ಕೆ ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಆಳು ಸೇರಿಸಿಕೊಳ್ಳುವಾಗ ಒಬ್ಬೊಬ್ಬರ ಎತ್ತರ ಅಳೆದು ಬರೆದಿಡುತ್ತಿತ್ತು. ಜೋಯಲ್ ಮೊಕಿರ್, ಕಾರ್ಮಕ್ ಓ ಗ್ರಾಡಾ ಎಂಬ ಇತಿಹಾಸಕಾರರು ಆ ದಾಖಲೆ ಲೆಕ್ಕ ಹಾಕಿದಾಗ ಇಂಗ್ಲೆಂಡಿನ ಹುಡುಗರಿಗಿಂತ ಐರ್ಲೆಂಡಿನ ಹುಡುಗರು ಎತ್ತರವಿದ್ದುದು ಕಂಡಿತು. ಶ್ರೀಮಂತ ದೇಶದವರಿಗಿಂತ ಬಡ ದೇಶದವರ ಮೈಕಟ್ಟು ಚೆನ್ನಾಗಿತ್ತು. ನಮ್ಮ ಅಜ್ಜಂದಿರ ಕಾಲದ ಜನ ಗಟ್ಟಿ ಎಂದು ಐರ್ಲೆಂಡಿನ ಮುದುಕರು ಹೇಳಿದ್ದು ಬರೀ ಹಳಹಳಿಕೆಯಲ್ಲ ಅಂತಾಯಿತು.

ಆಮೇಲೆ ಆಲೂಗಡ್ಡೆಗೆ ರೋಗ ಬಂತು. 1845ರಿಂದ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ 81 ಲಕ್ಷ ಇದ್ದ ಜನ 1911ಕ್ಕೆ 44 ಲಕ್ಷಕ್ಕೆ ಇಳಿದರು. ಎತ್ತುವವರೇ ಹೋದ ಮೇಲೆ ಕಲ್ಲಿನ ಸುತ್ತ ಯಾರು ಸೇರುತ್ತಾರೆ?

ಶಕ್ತಿಯ ಕಥೆಗಳ ಪಕ್ಕದಲ್ಲೇ ಶಕ್ತಿ ಹೋಗುವ ಕಥೆಯೂ ಇದೆ. ಅದಕ್ಕೆ ಹಸಿದ ಹುಲ್ಲು ಅನ್ನುತ್ತಾರೆ. ಬೆಟ್ಟದ ದಾರಿಯಲ್ಲಿ ಎಲ್ಲೋ ಒಂದು ಕಡೆ ಆ ಹುಲ್ಲು ಬೆಳೆದಿರುತ್ತದೆ, ನೋಡಲು ಬೇರೆ ಹುಲ್ಲಿನ ಹಾಗೇ. ಕ್ಷಾಮದಲ್ಲಿ ಯಾರೋ ಹಸಿದು ಬಿದ್ದು ಸತ್ತ ಜಾಗ ಅದು. ಎಂಥ ಗಟ್ಟಿಗನಾದರೂ ಅದರ ಮೇಲೆ ಕಾಲಿಟ್ಟರೆ ಕೈಕಾಲು ಸೋತು ಕುಸಿಯುತ್ತಾನೆ. ಜೇಬಿನಲ್ಲಿ ಒಂದು ಚೂರು ಓಟ್ಸ್ ರೊಟ್ಟಿ ಇಟ್ಟುಕೊಂಡು ಹೋಗಬೇಕು, ತಿಂದರೆ ಸುಧಾರಿಸುತ್ತದೆ ಎಂಬುದು ಹಿರಿಯರ ಮಾತು. ಶಾಲೆಯ ಮಕ್ಕಳು ಬರೆದ ಪುಟಗಳಲ್ಲಿ ಈ ನಂಬಿಕೆಯೂ ಇದೆ.

ಹಾರುವವರ ಕಥೆ ಬೇರೆ ರೀತಿಯದು. ಇಲ್ಲಿ ಸಾಕ್ಷಿ ಹೇಳುವುದು ಊರಿನ ಹೆಸರು. ಐರಿಶ್ ಭಾಷೆಯಲ್ಲಿ ಲೇಮ್ ಅಂದರೆ ಜಿಗಿತ. ಕ್ಲೇರ್ ಜಿಲ್ಲೆ ಸಮುದ್ರಕ್ಕೆ ಚಾಚಿರುವ ತುದಿಗೆ ಲೂಪ್ ಹೆಡ್ ಎಂದು ಹೆಸರು, ಅದರ ಐರಿಶ್ ಹೆಸರಿನಲ್ಲಿ ಲೇಮ್ ಎಂಬ ಮಾತೇ ಇದೆ. ಅಲ್ಲಿ ದಡಕ್ಕೂ ಸಮುದ್ರದೊಳಗಿನ ಒಂದು ಬಂಡೆಗೂ ನಡುವೆ ಆಳವಾದ ಕಂದರ ಇದೆ. ಪುರಾಣದ ವೀರ ಕೂ ಹುಲಿನ್, ತನ್ನ ಮೇಲೆ ಮನಸ್ಸಿಟ್ಟು ಬೆನ್ನಟ್ಟಿದ ಮಾಲ್ ಎಂಬ ಮಾಟಗಾತಿಯಿಂದ ತಪ್ಪಿಸಿಕೊಳ್ಳಲು ಆ ಬಂಡೆಗೆ ಹಾರಿದ. ಅವಳೂ ಹಾರಿದಳು. ಅವನು ತಿರುಗಿ ದಡಕ್ಕೆ ಹಾರಿದ, ಅವಳು ಕಾಲು ತಪ್ಪಿ ಬಿದ್ದಳು. ಅಲ್ಲಿಂದ ಉತ್ತರದ ಕೊಲ್ಲಿಗೆ ಮಾಲ್ ಕೊಲ್ಲಿ ಎಂದೇ ಹೆಸರು.

ಇದು ಪುರಾಣ. ಆದರೆ ಕಾರ್ಕ್ ಜಿಲ್ಲೆಯಲ್ಲಿ ಲೀಪ್ ಎಂಬ ಊರಿದೆ. ಓ ಡೊನೊವನ್ ಎಂಬ ನಾಯಕ ಇಂಗ್ಲಿಷ್ ಸಿಪಾಯಿಗಳು ಬೆನ್ನಟ್ಟಿದಾಗ ಕುದುರೆಯನ್ನು ಕಂದರದ ಮೇಲೆ ಹಾರಿಸಿಕೊಂಡು ಹೋದ ಜಾಗವಂತೆ. ಆ ಜಿಗಿತದಿಂದ ಆಚೆಗೆ ಸರ್ಕಾರದ ಕಾನೂನು ನಡೆಯುವುದಿಲ್ಲ ಎಂದು ಅಲ್ಲಿನವರು ಹೇಳಿಕೊಳ್ಳುತ್ತಿದ್ದರು. ಕಾರ್ಕ್ ಮತ್ತು ಕೆರ್ರಿ ಗಡಿಯ ಬೆಟ್ಟದಲ್ಲಿ ಪಾದ್ರಿಯ ಜಿಗಿತ ಎಂಬ ಕಣಿವೆದಾರಿ ಇದೆ. ಸಿಪಾಯಿಗಳು ಅಟ್ಟಿಸಿಕೊಂಡು ಬಂದಾಗ ಕ್ಯಾಥೊಲಿಕ್ ಪಾದ್ರಿಯೊಬ್ಬ ಕುದುರೆ ಸಮೇತ ಅಲ್ಲಿಂದ ಹಾರಿ ಮೈಲಿಗಟ್ಟಲೆ ದೂರದ ಬ್ಯಾಂಟ್ರಿ ಊರಿನ ಬಳಿ ಇಳಿದನಂತೆ. ಇಳಿದ ಬಂಡೆಯಲ್ಲಿ ಗುರುತು ತೋರಿಸುತ್ತಾರೆ.

ಮೈಲಿ ದೂರ ಕುದುರೆ ಹಾರುವುದಿಲ್ಲ, ಅದು ಹೇಳಿದವರಿಗೂ ಗೊತ್ತಿತ್ತು. ಆದರೆ ಈ ಕಥೆಗಳಲ್ಲಿ ಮತ್ತೆ ಮತ್ತೆ ಕುದುರೆಯೇ ಯಾಕೆ ಬರುತ್ತದೆ ಎಂದು ಯೋಚಿಸಿ. 1695ರ ಕಾನೂನಿನ ಪ್ರಕಾರ ಐರ್ಲೆಂಡಿನ ಕ್ಯಾಥೊಲಿಕ್ ಒಬ್ಬ 5 ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳುವಂತಿರಲಿಲ್ಲ. ಪ್ರಾಟೆಸ್ಟೆಂಟ್ ಒಬ್ಬ ಬಂದು 5 ಪೌಂಡ್ ಮುಂದಿಟ್ಟರೆ ಎಂಥ ಕುದುರೆಯನ್ನೂ ಬಿಟ್ಟುಕೊಡಬೇಕು. ಆಸ್ಟ್ರಿಯಾದ ಸೈನ್ಯದಲ್ಲಿದ್ದು ಬಂದ ಆರ್ಟ್ ಓ ಲಿಯರಿ ಎಂಬಾತ ಹಾಗೆ ಕುದುರೆ ಕೊಡಲು ಒಪ್ಪದೆ ಹಗೆ ಕಟ್ಟಿಕೊಂಡು, 1773ರಲ್ಲಿ ಕಾರ್ಕ್ ಜಿಲ್ಲೆಯಲ್ಲಿ ಗುಂಡೇಟಿಗೆ ಸತ್ತ. ಹೆಂಡತಿ ಐಲೀನ್ ಅವನ ಮೇಲೆ ಹಾಡಿದ ಶೋಕಗೀತೆ ಇವತ್ತಿಗೂ ಐರಿಶ್ ಭಾಷೆಯ ದೊಡ್ಡ ಕಾವ್ಯ. ಒಳ್ಳೇ ಕುದುರೆ ಏರುವುದೇ ಅಪರಾಧವಾದ ನಾಡಿನಲ್ಲಿ, ಸಿಪಾಯಿಗಳ ಕೈಗೆ ಸಿಗದೆ ಕುದುರೆ ಹಾರಿಸಿದವನ ಕಥೆ ಹುಟ್ಟಿದ್ದು ನಮಗೆ ಸಹಜ ಅನ್ನಿಸುತ್ತದೆ.

ಹಳೆಯ ವೀರರ ಚುರುಕುತನದ ಮಾತು ಬಂದಾಗ ಫಿನ್ ಮಕೂಲ್‌ನ ಪಡೆ ಸೇರುವ ಪರೀಕ್ಷೆಯನ್ನು ಬಿಡಲಾಗದು. 1634ರ ಸುಮಾರಿಗೆ ಜೆಫ್ರಿ ಕೀಟಿಂಗ್ ಎಂಬ ಪಾದ್ರಿ ಐರಿಶ್ ಭಾಷೆಯಲ್ಲಿ ಬರೆದ ನಾಡಿನ ಇತಿಹಾಸದಲ್ಲಿ ಅದು ಬರುತ್ತದೆ. ಸೊಂಟದವರೆಗೆ ಗುಂಡಿಯಲ್ಲಿ ನಿಂತು ಒಂದು ಗುರಾಣಿ, ಒಂದು ಕೋಲು ಹಿಡಿದು ಒಂಬತ್ತು ಜನ ಎಸೆಯುವ ಈಟಿ ತಪ್ಪಿಸಬೇಕು. ಜಡೆ ಹೆಣೆದುಕೊಂಡು ಕಾಡಿನಲ್ಲಿ ಓಡಬೇಕು, ಅಟ್ಟಿ ಬಂದವರಿಗೆ ಸಿಗಬಾರದು, ಜಡೆ ಬಿಚ್ಚಬಾರದು, ಕಾಲ ಕೆಳಗೆ ಒಣಕಡ್ಡಿ ಮುರಿಯಬಾರದು. ಹಣೆ ಎತ್ತರದ ಕೊಂಬೆ ಹಾರಬೇಕು, ಮಂಡಿ ಎತ್ತರದ ಕೊಂಬೆಯಡಿ ನುಸುಳಬೇಕು. ಓಡುತ್ತಲೇ ಕಾಲಿಗೆ ಚುಚ್ಚಿದ ಮುಳ್ಳು ಕೀಳಬೇಕು. ಯಾವ ಪೊಲೀಸ್ ನೇಮಕಾತಿ ಪರೀಕ್ಷೆಯೂ ಇದರ ಮುಂದೆ ಸುಲಭ.

ಹೆಂಗಸರೆಲ್ಲಿ ಎಂದು ನೀವು ಕೇಳಬಹುದು. ನಾವೂ ಕೇಳಿಕೊಂಡೆವು. ಬೆನ್ನ ಮೇಲೆ ಬುಟ್ಟಿಗಟ್ಟಲೆ ಉರುವಲು ಮಣ್ಣು, ಕಡಲಪಾಚಿ ಹೊತ್ತವರು ಅಲ್ಲಿನ ಹೆಂಗಸರೂ ಹೌದು. ಆದರೆ ವೀರರ ಪಟ್ಟಿಯಲ್ಲಿ ಗಂಡಸರದೇ ಕಾರುಬಾರು. ಇದಕ್ಕೆ ಸೇಡು ತೀರಿಸಿದಂತಿರುವ ಒಂದು ಕಥೆಯನ್ನು ಟೈರೋನ್ ಜಿಲ್ಲೆಯ ವಿಲಿಯಮ್ ಕಾರ್ಲ್‌ಟನ್ ಹತ್ತೊಂಬತ್ತನೇ ಶತಮಾನದಲ್ಲಿ ಬರೆದಿಟ್ಟ. ಅದರಲ್ಲಿ ಫಿನ್ ದೈತ್ಯ, ಕೂ ಹುಲಿನ್ ಅವನಿಗಿಂತ ದೊಡ್ಡ ದೈತ್ಯ, ಅದೂ ಕೇಡಿಗ. ಪುರಾಣದ ಚಿಕ್ಕ ವಯಸ್ಸಿನ ವೀರ ಹಳ್ಳಿಯವರ ಬಾಯಲ್ಲಿ ಹೀಗಾಗಿದ್ದಾನೆ. ಅವನು ಕಾದಾಡಲು ಬರುತ್ತಿದ್ದಾನೆಂದು ಕೇಳಿ ಫಿನ್‌ಗೆ ನಡುಕ. ಹೆಂಡತಿ ಊನಾ ಗಂಡನಿಗೆ ಕೂಸಿನ ಬಟ್ಟೆ ಹಾಕಿ ತೊಟ್ಟಿಲಲ್ಲಿ ಮಲಗಿಸುತ್ತಾಳೆ. ಒಳಗೆ ಕಬ್ಬಿಣದ ಹೆಂಚು ಇಟ್ಟು ರೊಟ್ಟಿ ಸುಟ್ಟು ಬಂದವನಿಗೆ ಬಡಿಸುತ್ತಾಳೆ. ಅವನ ಹಲ್ಲು ಉದುರುತ್ತವೆ. ಒಳ್ಳೇ ರೊಟ್ಟಿಯನ್ನು ಕೂಸಿಗೆ ಕೊಟ್ಟರೆ ಕೂಸು ಕರಕರ ತಿನ್ನುತ್ತದೆ! ಮಗುವೇ ಹೀಗಾದರೆ ಅಪ್ಪ ಹೇಗೋ ಎಂದು ಬಂದವನು ಬೆವರುತ್ತಾನೆ. ಕೊನೆಗೆ ಕೂಸಿನ ಹಲ್ಲು ನೋಡಲು ಬಾಯಿಗೆ ಬೆರಳಿಟ್ಟಾಗ, ಅವನ ಶಕ್ತಿಯೆಲ್ಲ ಇದ್ದ ಆ ಬೆರಳನ್ನೇ ಫಿನ್ ಕಚ್ಚಿ ತುಂಡು ಮಾಡುತ್ತಾನೆ.

ಇನ್ನು ಲೆಕ್ಕಕ್ಕೆ ಸಿಗುವ ಕಾಲಕ್ಕೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಂಗಳದ ಈ ಆಟಗಳು ಮೈದಾನಕ್ಕೆ ಬಂದವು. ಆದರೆ ಮೈದಾನದ ಬಾಗಿಲಲ್ಲಿ ಒಂದು ತಡೆ ಇತ್ತು. ಇಂಗ್ಲೆಂಡಿನ ಮಾದರಿಯ ಕ್ರೀಡಾಕೂಟಗಳು ದೊಡ್ಡವರ ಮನೆ ಮಕ್ಕಳಿಗೆ ಮೀಸಲಾಗಿದ್ದವು, ಕೂಲಿಯವರಿಗೆ, ಕುಶಲಕರ್ಮಿಗಳಿಗೆ ಬಹಳ ಕಡೆ ಪ್ರವೇಶವೇ ಇಲ್ಲ. ನಡೆಯುತ್ತಿದ್ದುದು ಶನಿವಾರ, ದುಡಿಯುವವನಿಗೆ ಬಿಡುವು ಭಾನುವಾರ. ಭಾರ ಎತ್ತಿ ಬದುಕುವವನು ಭಾರ ಎಸೆಯುವ ಪಂದ್ಯಕ್ಕೆ ಅನರ್ಹ! ಇದನ್ನು ವಿರೋಧಿಸಿ ಕ್ಲೇರ್ ಜಿಲ್ಲೆಯ ಮೇಷ್ಟ್ರು ಮೈಕೆಲ್ ಕ್ಯೂಸಾಕ್ ಪತ್ರಿಕೆಗೆ ಬರೆದರು. 1884ರ ನವೆಂಬರ್ 1ರಂದು ಟಿಪ್ಪರೇರಿ ಜಿಲ್ಲೆಯ ಥರ್ಲೆಸ್ ಊರಿನ ಹೇಯ್ಸ್ ಹೋಟೆಲಿನಲ್ಲಿ ಕೆಲವೇ ಜನ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಮೊದಲ ಅಧ್ಯಕ್ಷ ಮಾರಿಸ್ ಡೇವಿನ್. ಶೂರ್ ನದಿ ದಂಡೆಯ ಕ್ಯಾರಿಕ್ ಊರಿನ ಈತ 1881ರಲ್ಲಿ, 39ನೇ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗಿ ಹ್ಯಾಮರ್, ಗುಂಡು ಎರಡರಲ್ಲೂ ಅಲ್ಲಿನ ಚಾಂಪಿಯನ್‌ಶಿಪ್ ಗೆದ್ದು ಬಂದಿದ್ದ.

ಹಳ್ಳಿಯ ವಸ್ತುಗಳೇ ಇಲ್ಲಿ ಪಂದ್ಯದ ಸಾಮಾನು. ತಕ್ಕಡಿಗೆ ಹಾಕುವ 56 ಪೌಂಡಿನ, ಅಂದರೆ 25 ಕಿಲೋಗೂ ಹೆಚ್ಚಿನ ಕಬ್ಬಿಣದ ಬಟ್ಟು ಒಂದು. ಅದನ್ನು ದೂರಕ್ಕೆ ಎಸೆಯುವುದು ಮುಂದೆ 1904 ಮತ್ತು 1920ರ ಒಲಿಂಪಿಕ್ಸಿನಲ್ಲೂ ಪಂದ್ಯವಾಯಿತು. ಡೇವಿನ್‌ನ ಪಕ್ಕದ ಊರು ಬ್ಯಾಲಿನೀಲ್‌ನ ರೈತ ಟಾಮ್ ಕೈಲಿ 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ಗೆ ತನ್ನ ದುಡ್ಡಿನಲ್ಲೇ ಹೋದ, ಬೇರೆ ದೇಶದ ಹೆಸರಿನಲ್ಲಿ ಆಡಲು ಒಪ್ಪಲಿಲ್ಲ. ಮಳೆಯಲ್ಲಿ, ಒಂದೇ ದಿನದಲ್ಲಿ ಹತ್ತು ಪಂದ್ಯ: ಓಟ, ನಡಿಗೆ, ಜಿಗಿತ, ಹ್ಯಾಮರ್, 56 ಪೌಂಡ್ ಬಟ್ಟು. ಒಟ್ಟಾರೆ ಗೆದ್ದವನು ಅವನೇ.

ಮಕ್ಕಳ ಪುಟಗಳಲ್ಲಿ ಇಪ್ಪತ್ತು ಅಡಿ ಹೊಳೆ ಹಾರಿದವನ ಕಥೆ ಓದಿ ನಗುವವರಿಗೆ ಪೀಟರ್ ಓ ಕಾನರ್ ಉತ್ತರ. ವಾಟರ್‌ಫೋರ್ಡಿನಲ್ಲಿ ವಕೀಲರ ಕಚೇರಿಯಲ್ಲಿ ಕೆಲಸಕ್ಕಿದ್ದ ಈತ 1901ರ ಆಗಸ್ಟ್ 5ರಂದು ಡಬ್ಲಿನ್ನಿನಲ್ಲಿ 24 ಅಡಿ 11¾ ಇಂಚು ಹಾರಿದ. ಟೇಪ್ ಹಿಡಿದು ಅಳೆದದ್ದು. 20 ವರ್ಷ ಅದೇ ವಿಶ್ವದಾಖಲೆ. 1906ರಲ್ಲಿ ಅಥೆನ್ಸಿಗೆ ಹೋದಾಗ ಅವನನ್ನು ಬ್ರಿಟನ್ನಿನ ಲೆಕ್ಕಕ್ಕೆ ಸೇರಿಸಿದರು. ಉದ್ದ ಜಿಗಿತದಲ್ಲಿ ಬೆಳ್ಳಿ ಬಂದಾಗ ಬ್ರಿಟನ್ನಿನ ಬಾವುಟ ಏರಿತು. ಓ ಕಾನರ್ ಬಾವುಟದ ಕಂಬ ಹತ್ತಿ ಐರ್ಲೆಂಡಿನ ಹಸಿರು ಬಾವುಟ ಬೀಸಿದ. ಕೆಳಗೆ ಜೊತೆಗಾರ ಕಾನ್ ಲೇಹಿ ಕಾವಲು ನಿಂತಿದ್ದ.

ಹಡಗು ಹತ್ತಿದವರ ಮಕ್ಕಳೂ ತಮ್ಮಂದಿರೂ ಅಮೆರಿಕದಲ್ಲಿ ಹೆಸರು ಮಾಡಿದರು. ಲಿಮೆರಿಕ್‌ನ ಜಾನ್ ಫ್ಲಾನಗನ್ 1900, 1904, 1908 ಮೂರೂ ಒಲಿಂಪಿಕ್ಸಿನಲ್ಲಿ ಹ್ಯಾಮರ್ ಚಿನ್ನ ಗೆದ್ದ. ಮೇಯೋ ಜಿಲ್ಲೆಯ ಮಾರ್ಟಿನ್ ಶೆರಿಡನ್, ಟಿಪ್ಪರೇರಿಯ ಮ್ಯಾಟ್ ಮೆಗ್ರಾತ್, ಕ್ಲೇರ್‌ನ ಪ್ಯಾಟ್ ಮೆಕ್‌ಡೊನಾಲ್ಡ್, ಎಲ್ಲರೂ ನ್ಯೂಯಾರ್ಕಿನ ಪೊಲೀಸರು. ಐರಿಶ್ ತಿಮಿಂಗಿಲಗಳು ಎಂಬ ಅಡ್ಡಹೆಸರು ಬಿತ್ತು. ಪದಕಗಳೆಲ್ಲ ಅಮೆರಿಕದ ಲೆಕ್ಕಕ್ಕೆ. ಸ್ವತಂತ್ರ ಐರ್ಲೆಂಡಿನ ಹೆಸರಿನಲ್ಲಿ ಮೊದಲ ಚಿನ್ನ ಬರಲು 1928ರವರೆಗೆ ಕಾಯಬೇಕಾಯಿತು. ಅದೂ ಹ್ಯಾಮರ್‌ನಲ್ಲೇ, ಗೆದ್ದವರು ಕಾರ್ಕ್‌ನ ಡಾಕ್ಟರ್ ಪ್ಯಾಟ್ ಓ ಕಲ್ಲಹನ್. 1932ರಲ್ಲಿ ಮತ್ತೊಮ್ಮೆ ಗೆದ್ದರು.

ಮೈದಾನಕ್ಕೆ ಬಾರದೆ ರಸ್ತೆಯಲ್ಲೇ ಉಳಿದ ಆಟವೂ ಒಂದಿದೆ. ಕಾರ್ಕ್ ಮತ್ತು ಅರ್ಮಾ ಜಿಲ್ಲೆಗಳಲ್ಲಿ 28 ಔನ್ಸಿನ ಕಬ್ಬಿಣದ ಗುಂಡನ್ನು ಊರರಸ್ತೆಯಲ್ಲಿ ಎಸೆಯುತ್ತ ಹೋಗುತ್ತಾರೆ, ಕಡಿಮೆ ಎಸೆತದಲ್ಲಿ ಗುರಿ ಮುಟ್ಟಿದವನು ಗೆದ್ದ. ಕಾರ್ಕ್ ಪಟ್ಟಣದ ಹೊರಗೆ ಬ್ಯಾಂಡನ್ ರಸ್ತೆಯ ಮೇಲೆ ಹಾದುಹೋಗುವ ಎತ್ತರದ ರೈಲು ಸೇತುವೆ ಇದೆ, ಚೆಟ್ವಿಂಡ್ ಸೇತುವೆ. ಅದರ ಮೇಲಿಂದ ಗುಂಡು ದಾಟಿಸುವುದು ಆ ಭಾಗದ ಎಸೆತಗಾರರ ಹಳೇ ಪಣ. 1955ರ ಮಾರ್ಚ್ 17ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಮಿಕ್ ಬ್ಯಾರಿ 16 ಔನ್ಸಿನ ಗುಂಡನ್ನು ಅದರ ಮೇಲಿಂದ ದಾಟಿಸಿದರು. 28 ಔನ್ಸಿನದು ದಾಟಿದ್ದು 1985ರಲ್ಲಿ. ಎಸೆದವನು ಜರ್ಮನಿಯಿಂದ ಬಂದ ಹಾನ್ಸ್ ಬೋಲ್ಕನ್. ಆ ಸೇತುವೆಯ ಮೇಲೆ 1961ರಿಂದ ರೈಲು ಓಡಿಲ್ಲ. ಕಾರ್ಕ್‌ನವರು ದಾರಿಯಲ್ಲಿ ಹೋಗುವಾಗ ಈಗಲೂ ತಲೆ ಎತ್ತಿ ಅದರ ಎತ್ತರ ನೋಡುತ್ತಾರೆ.